ಅಮ್ಮನ ಪೀಪಾಯಿ

“ಬುದ್ಧಿ, ಹಿರಿಯರು ತಪ್ಪಿದ್ದು ಕಣ್ಣಿಗೆ ಬಿದ್ದರೆ ಕಿರಿಯರು ಏನು ಮಾಡಬೇಕು? ಹೇಳಬೇಕೋ, ಸುಮ್ಮನಿರಬೇಕೋ?”

ಶಿಷ್ಯ ಚನ್ನವೀರ ಈ ಪ್ರಶ್ನೆ ಕೇಳಿದ್ದು ಬೆಳಗಿನ ಪಾಠ ಮುಗಿದ ಮೇಲೆ, ಮಠದ ಹಿತ್ತಿಲಿನ ಬಾವಿಕಟ್ಟೆಯ ಹತ್ತಿರ. ಸ್ವಾಮಿಗಳು ಕಟ್ಟೆಯ ಮೇಲೆ ಕೂತಿದ್ದರು. ಅವನು ಕೆಳಗೆ ಕೂತಿದ್ದ.

ಪ್ರಶ್ನೆಗೆ ಕಾರಣವಿತ್ತು. ಅಂದಿನ ಪಾಠದಲ್ಲಿ ಸ್ವಾಮಿಗಳು ಹಿಂದಿನ ದಿನ ಹೇಳಿದ್ದನ್ನೇ ಮತ್ತೆ ಹೇಳಿದ್ದರು. ಅದೇ ಪುಟ, ಅದೇ ಉದಾಹರಣೆ, ನಡುವೆ ಅದೇ ನಗೆಯ ಮಾತು. ಶಿಷ್ಯರೆಲ್ಲ ಮೊದಲ ಸಲ ಕೇಳಿದವರ ಹಾಗೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಚನ್ನವೀರನೇ. ನಕ್ಕ ಮೇಲೆ ಅವನಿಗೆ ಸಂಕಟವಾಯಿತು. ಹೀಗಾಗುತ್ತಿರುವುದು ಇದೇ ಮೊದಲಲ್ಲ ಎಂಬುದು ಅವನಿಗೆ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

ಆದ್ದರಿಂದ ಅವನು ಪ್ರಶ್ನೆಯನ್ನು ಯಾರದೋ ಮನೆಯ ವಿಷಯ ಎಂಬಂತೆ ಕೇಳಿದ. ಕೇಳಿದ್ದಲ್ಲದೆ, “ಸುಮ್ಮನಿರುವುದೇ ಗೌರವ ಎಂದು ನನಗೆ ತೋರುತ್ತದೆ” ಎಂದೂ ಸೇರಿಸಿದ. ಉತ್ತರವನ್ನು ಜೊತೆಗೇ ತಂದುಕೊಂಡು ಪ್ರಶ್ನೆ ಕೇಳಲು ಬರುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನೂ ಅವರಲ್ಲೊಬ್ಬ.

ಸ್ವಾಮಿಗಳು ಬಾವಿಯ ಕಡೆ ನೋಡುತ್ತ, “ಹಿಂದೆ ಇಟಲಿ ದೇಶದವನೊಬ್ಬ ನಮ್ಮ ಮಠಕ್ಕೆ ಬಂದು ಕೆಲವು ತಿಂಗಳು ಇದ್ದು ಹೋದ. ಅವನು ಒಂದು ಕತೆ ಹೇಳಿದ್ದ. ವೈನ್ ಮಾಡುವವರ ಕತೆ. ಕೇಳು. ಮಠದಲ್ಲಿ ಕೂತು ಮದ್ಯದ ಕತೆ ಹೇಳಿದರು ಎಂದು ಊರಿಗೆಲ್ಲ ಡಂಗುರ ಹೊಡೆಯಬೇಡ” ಎಂದರು.

ಕತೆ ಇದು.

ಇಟಲಿಯ ಗುಡ್ಡದ ಸೀಮೆಯಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರನಿದ್ದ. ಅವನಿಗೆ ಹೆಂಡತಿ, ಒಬ್ಬ ಮಗ. ಆ ಮನೆಯವರು ತಲೆತಲಾಂತರದಿಂದ ಕೆಂಪು ವೈನ್ ಮಾಡುತ್ತ ಬಂದವರು. ಅವಸರದವರಿಗೆ ಆ ವೈನ್ ಆಗಿಬರುವುದಿಲ್ಲ. ಹೊಸದರಲ್ಲಿ ಬಾಯಿಗೆ ಹಾಕಿಕೊಂಡರೆ ಹೀಚು ನೇರಳೆ ಕಚ್ಚಿದ ಹಾಗಾಗುತ್ತದೆ. ಒಗರಿಗೆ ನಾಲಿಗೆ ದಪ್ಪವಾಗಿ ಮಾತೇ ಹೊರಡುವುದಿಲ್ಲ.

ಅದನ್ನು ನೆಲಮಾಳಿಗೆಯಲ್ಲಿ, ಸೊಂಟದೆತ್ತರದ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡಬೇಕು. ಮರ ಹೀರಿಕೊಂಡಷ್ಟನ್ನು ಆಗಾಗ ಮತ್ತೆ ತುಂಬಿ, ಒಳಗೆ ಗಾಳಿ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಕಾಲ ಕಳೆದಂತೆ ಒಗರು ಮೆತ್ತಗಾಗುತ್ತದೆ. ಪರಿಮಳ ಏಳುತ್ತದೆ. ಆ ಪರಿಮಳ ತುಂಬಿ ನಿಂತಾಗ ಪೀಪಾಯಿಯಿಂದ ತೆಗೆದು ಸೀಸೆಗೆ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಕೆಡದೆ ಬಾಳುತ್ತದೆ. ಆ ಹೊತ್ತು ತಪ್ಪಿಸಿ ಮರದಲ್ಲೇ ಬಿಟ್ಟರೆ ಪರಿಮಳ ಹೊರಟುಹೋಗುತ್ತದೆ, ಒಗರು ಮಾತ್ರ ಉಳಿಯುತ್ತದೆ. ಒಮ್ಮೆ ಹೋದ ಪರಿಮಳವನ್ನು ಯಾವ ವಿದ್ಯೆಯಿಂದಲೂ ಮರಳಿ ತರಲಾಗುವುದಿಲ್ಲ.

ಹಾಗಾಗಿ ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಎಂದರೆ ‘ಹೂಂ, ತೆಗೆಯಿರಿ’ ಎನ್ನುವ ಮಾತು. ಅದನ್ನು ಹೇಳುವ ಅಧಿಕಾರ ಒಬ್ಬನಿಗೆ ಮಾತ್ರ. ನೆಲಮಾಳಿಗೆಯ ಬಾಗಿಲ ಪಕ್ಕದ ಮೊಳೆಗೆ ಬಟ್ಟೆ ಸುತ್ತಿದ ಒಂದು ಗಾಜಿನ ಕೊಳವೆ ತೂಗುಹಾಕಿರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಮನೆಯ ಹಿರಿಯ ಆ ಕೊಳವೆಯನ್ನು ಪ್ರತಿ ಪೀಪಾಯಿಗೂ ಇಳಿಸಿ, ಒಂದು ಗುಟುಕು ಎತ್ತಿ, ಮೂಸಿ, ರುಚಿ ನೋಡುತ್ತಿದ್ದ. ಉಳಿದದ್ದನ್ನು ಲೋಟಕ್ಕೆ ಬಿಟ್ಟು ಪಕ್ಕದಲ್ಲಿದ್ದವರಿಗೆ ಕೊಡುತ್ತಿದ್ದ. ಅವರು ಕುಡಿಯಬಹುದು, ತೀರ್ಪು ಹೇಳುವಂತಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಆ ಕೊಳವೆಯನ್ನು ಹಿರಿಯ ತಾನಾಗಿ ಯಾರಿಗೂ ಕೊಡುವಂತಿಲ್ಲ. ಕಿರಿಯವನೇ ಬಂದು ಕೇಳಬೇಕು. ತಾನಾಗಿ ಕೊಟ್ಟರೆ ತೆಗೆದುಕೊಳ್ಳುವವನು ಇನ್ನೂ ತಯಾರಾಗಿರಲಿಕ್ಕಿಲ್ಲ, ಕೇಳಿದನೆಂದರೆ ತಯಾರಾಗಿದ್ದಾನೆ ಎಂಬುದು ಅವರ ಎಣಿಕೆ. ಬೆಳೆಗಾರನೂ ಹರೆಯದಲ್ಲಿ ಹಾಗೆಯೇ ಕೇಳಿದ್ದ. ಊಟದ ನಡುವೆ, ಬಾಯಲ್ಲಿ ತುತ್ತು ಇಟ್ಟುಕೊಂಡೇ, “ಅಪ್ಪ, ಈ ಸಲ ಕೊಳವೆ ನನಗಿರಲಿ” ಎಂದುಬಿಟ್ಟಿದ್ದನಂತೆ. ಅವನ ಅಪ್ಪ ಖುಷಿಯಿಂದ ಅಂದು ಇನ್ನೊಮ್ಮೆ ಬಡಿಸಿಕೊಂಡು ಉಂಡು, ಮರುದಿನದಿಂದ ಬಿಸಿಲು ಕಾಯಿಸುತ್ತ ಅಂಗಳದಲ್ಲಿ ಕೂತನಂತೆ. ಬೆಳೆಗಾರ ಇದನ್ನು ಮಗನಿಗೆ ಎಷ್ಟೋ ಸಲ ನಗುತ್ತ ಹೇಳಿದ್ದ.

ಒಂದು ವರ್ಷ ಬೆಳೆಗಾರನ ಹೆಂಡತಿಗೆ ವಾಸಿಯಾಗದ ಕಾಯಿಲೆ ಬಂತು. ಆ ವರ್ಷ ದ್ರಾಕ್ಷಿ ಹಿಂದೆಂದೂ ಬಾರದ ಹಾಗೆ ಬಂದಿತ್ತು. ಬೇಡವೆಂದರೂ ಕೇಳದೆ ಅವಳು ತೋಟಕ್ಕೆ ಹೋಗಿ, ಕೂತು ಕೂತು ಗೊಂಚಲು ಕೊಯ್ದಳು. ಆ ಹಣ್ಣಿನ ರಸ ಪೀಪಾಯಿಗೆ ಇಳಿದ ದಿನ ಕೆಂಪಾಗಿದ್ದ ಅಂಗೈಯನ್ನು ಪೀಪಾಯಿಯ ಹಲಗೆಗೆ ಒತ್ತಿದಳು. ಗುರುತು ಹಾಗೆಯೇ ಉಳಿಯಿತು. “ಇದು ಹದಕ್ಕೆ ಬಂದಾಗ ನೆಂಟರಿಷ್ಟರನ್ನು ಕರೆಯುತ್ತ ಕೂರಬೇಡಿ. ಅಪ್ಪ ಮಗ ಇಬ್ಬರೇ ಅಡುಗೆಮನೆಯಲ್ಲಿ ಕೂತು ಮೊದಲ ಲೋಟ ಕುಡಿಯಿರಿ. ನಾನು ಇದ್ದ ಹಾಗೆಯೇ ಆಗುತ್ತದೆ” ಎಂದಳು. ಎಲೆ ಉದುರುವ ಕಾಲಕ್ಕೆ ತೀರಿಕೊಂಡಳು.

ಆ ಚಳಿಗಾಲದಲ್ಲಿ, ಗುಡ್ಡಗಳ ಮೇಲೆಲ್ಲ ಹಿಮ ಬಿದ್ದಿದ್ದಾಗ, ಬೆಳೆಗಾರ ಜ್ವರ ಬಂದು ಮಲಗಿದ. ಉಳಿಯುವುದೇ ಕಷ್ಟ ಎಂದಿದ್ದರು. ಉಳಿದ. ಎದ್ದು ಓಡಾಡಿದ. ಮುಖದಲ್ಲಿ ನಗೆಯೊಂದು ಕಡಿಮೆಯಾಗಿತ್ತು. ಹೆಂಡತಿ ಹೋದ ದುಃಖ ಎಂದು ಎಲ್ಲರೂ ಅಂದುಕೊಂಡರು.

ಮುಂದಿನ ಸುಗ್ಗಿ ಮುಗಿದ ಮೇಲೆ ಅಪ್ಪ ಮಗ ನೆಲಮಾಳಿಗೆಗೆ ಇಳಿದರು. ಅಪ್ಪ ಒಂದು ಪೀಪಾಯಿಗೆ ಕೊಳವೆ ಇಳಿಸಿ, ಮೂಸಿ, ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, “ಚೆನ್ನಾಗಿದೆ” ಎಂದ. ಉಳಿದದ್ದನ್ನು ಮಗನ ಲೋಟಕ್ಕೆ ಬಿಟ್ಟ. ಮಗ ಲೋಟವನ್ನು ಮೂಗಿನ ಹತ್ತಿರ ತಂದ. ಬೂಷ್ಟಿನ ವಾಸನೆ ಗಪ್ಪೆಂದು ಬಡಿಯಿತು. ಆ ಪೀಪಾಯಿಯ ಮರವೇ ಕೆಟ್ಟಿತ್ತು. ತೋಟದಲ್ಲಿ ಗೊಬ್ಬರ ಹೊರುವ ಆಳಿಗೂ ಅದು ಗೊತ್ತಾಗುವಂತಿತ್ತು.

ಮಗನಿಗೆ ಆಗ ಹೊಳೆಯಿತು. ಅಪ್ಪನಿಗೆ ವಾಸನೆ ಗೊತ್ತಾಗುತ್ತಿಲ್ಲ. ಈ ಸೀಮೆಯಲ್ಲೇ ಹೆಸರಾದ ಮೂಗು ಅದು. ತಲೆ ಎತ್ತಿದಾಗ ಅಪ್ಪ ತನ್ನ ಮುಖವನ್ನೇ ನೋಡುತ್ತಿದ್ದ. ಹೆಂಡತಿ ಹೋದಳು. ಉಳಿದಿರುವುದು ಈ ಕೊಳವೆಯೊಂದೇ. ಅದನ್ನೂ ಕಿತ್ತುಕೊಂಡರೆ ಈ ಮನುಷ್ಯನಿಗೆ ಏನು ಉಳಿಯುತ್ತದೆ ಎಂದು ಮಗ ಯೋಚಿಸಿದ. ಮುಖದ ಮೇಲೆ ಒಂದು ಗೆರೆಯೂ ಅಲುಗದ ಹಾಗೆ ನಿಂತು, ಲೋಟದಲ್ಲಿದ್ದುದನ್ನು ಕುಡಿದ.

ಭಾನುವಾರ ಅಪ್ಪ ಇಗರ್ಜಿಗೆ ಹೋಗಿದ್ದಾಗ ಮಗ ಆ ಪೀಪಾಯಿಯ ವೈನನ್ನು ಕೊಡ ಕೊಡವಾಗಿ ಹೊತ್ತು ಹಳ್ಳಕ್ಕೆ ಸುರಿದು, ಹಲಗೆಗಳನ್ನು ಒಡೆದು ಸೌದೆಗೆ ಹಾಕಿದ. ಅಪ್ಪ ಬಂದು ಅದಿದ್ದ ಜಾಗವನ್ನು ನೋಡಿದ. ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಮಗ ಅಂದುಕೊಂಡ.

ಅಂದಿನಿಂದ ಹಾಗೆಯೇ ನಡೆಯಿತು. ಮಗ ಮೊದಲೇ ಎಲ್ಲವನ್ನೂ ನೋಡಿಟ್ಟು, ಕೆಟ್ಟದ್ದು ಅಪ್ಪನ ಮುಂದೆ ಬಾರದ ಹಾಗೆ ಮಾಡುತ್ತಿದ್ದ. ಯಾವ ಪೀಪಾಯಿಗೆ ಅಪ್ಪ ‘ಹೂಂ’ ಎಂದರೂ ತಪ್ಪಾಗದ ಹಾಗೆ ಜೋಡಿಸಿಡುತ್ತಿದ್ದ. ಅಪ್ಪ ಕೊಳವೆ ಇಳಿಸುತ್ತಿದ್ದ, ಮೂಸುತ್ತಿದ್ದ, ಮಗನ ಮುಖ ನೋಡುತ್ತಿದ್ದ. ಮಗನ ಮುಖ ಗೋಡೆಯ ಹಾಗಿರುತ್ತಿತ್ತು. ಅದನ್ನು ಅವನು ಕಷ್ಟಪಟ್ಟು ಕಲಿತಿದ್ದ.

ಆದರೆ ಅಮ್ಮನ ಪೀಪಾಯಿಯ ವಿಷಯದಲ್ಲಿ ಈ ಉಪಾಯ ನಡೆಯಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಸರಿಯಾದ ಹೊತ್ತು. ಅದನ್ನು ಅಪ್ಪನೇ ಹೇಳಬೇಕಿತ್ತು.

ಪರಿಮಳ ತಿಳಿಯದಿದ್ದರೂ ಅಪ್ಪನ ನಾಲಿಗೆಗೆ ಒಗರು ಗೊತ್ತಾಗುತ್ತಿತ್ತು. ಒಗರೊಂದೇ ಗೊತ್ತಾಗುತ್ತಿತ್ತು. ಪ್ರತಿ ವರ್ಷ ಅಮ್ಮನ ಪೀಪಾಯಿಯ ಮುಂದೆ ಅವನು ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದ. ಒಂದು ಗುಟುಕನ್ನು ಬಾಯಲ್ಲೇ ತಿರುಗಿಸುತ್ತಿದ್ದ. ಆಮೇಲೆ, “ಇನ್ನೂ ಒಗರಿದೆ. ಇರಲಿ” ಎನ್ನುತ್ತಿದ್ದ. ಅವಳ ವೈನಿನಲ್ಲಿ ತಪ್ಪು ಮಾಡುವ ಧೈರ್ಯ ಅವನಿಗಿರಲಿಲ್ಲ.

ಮೊದಲ ವರ್ಷಗಳಲ್ಲಿ ಆ ಮಾತು ಸರಿಯಾಗಿಯೇ ಇತ್ತು. ನಿಜವಾಗಿ ಒಗರಿತ್ತು. ಒಂದು ವರ್ಷ ಮಗ ಲೋಟವನ್ನು ಮೂಗಿನ ಹತ್ತಿರ ತಂದಾಗ ಮಾತ್ರ ಬೇರೆಯೇ ಪರಿಮಳ ಎದ್ದಿತು. ಒಣಗಿದ ಗುಲಾಬಿ, ಮೊದಲ ಮಳೆಗೆ ನೆಂದ ಮಣ್ಣು, ಅದರ ಹಿಂದೆ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಬರುತ್ತಿದ್ದ ವಾಸನೆ. ಅವಳು ಬೆನ್ನ ಹಿಂದೆಯೇ ನಿಂತಿದ್ದಾಳೆ ಅನ್ನಿಸಿತು. ಕಣ್ಣು ತುಂಬಿ ಬಂತು. ಅವನು ಥಟ್ಟನೆ ಗೋಡೆಯ ಕಡೆ ತಿರುಗಿದ.

“ಏನಾಯಿತು?” ಎಂದು ಅಪ್ಪ ಕೇಳಿದ.

“ಏನಿಲ್ಲ ಅಪ್ಪ. ದೀಪದ ಹೊಗೆ.”

ಅಪ್ಪ ದೀಪವನ್ನು ಸ್ವಲ್ಪ ದೂರ ಇಟ್ಟ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ. ಆಮೇಲೆ, “ಒಗರಿದೆ. ಇರಲಿ” ಎಂದ.

ಇಲ್ಲಿಗೆ ಬಂದಾಗ ಸ್ವಾಮಿಗಳು ಕತೆ ನಿಲ್ಲಿಸಿ, ತಂಬಿಗೆಯಿಂದ ಎರಡು ಗುಟುಕು ನೀರು ಕುಡಿದರು. ಎಲ್ಲಿಗೆ ನಿಲ್ಲಿಸಿದ್ದೆ ಎಂಬಂತೆ ಒಂದು ಕ್ಷಣ ಸುಮ್ಮನಿದ್ದು ಮತ್ತೆ ಶುರುಮಾಡಿದರು. “ಬೇಸಿಗೆಯಲ್ಲಿ ಬಂದಿತ್ತಲ್ಲ ಆ ಜ್ವರ, ಅದು ಅವನ ಮೂಗನ್ನು ಪೂರ್ತಿ ತೆಗೆದುಕೊಂಡು ಹೋಗಿತ್ತು. ಆದರೂ ಅವನು ಪ್ರತಿ ವರ್ಷ ಮೂಸುವುದನ್ನು ಬಿಡಲಿಲ್ಲ” ಎಂದರು.

ಚನ್ನವೀರ ತಲೆ ಎತ್ತಿದ. ಹಿಮ ಬಿದ್ದ ಚಳಿಗಾಲ ಎಂದಿದ್ದರು. ಈಗ ಬೇಸಿಗೆ ಎನ್ನುತ್ತಿದ್ದಾರೆ. ಮಾತು ತುಟಿಯವರೆಗೆ ಬಂತು. ಇಷ್ಟು ಒಳ್ಳೆಯ ಕತೆಯ ನಡುವೆ ಇಷ್ಟು ಸಣ್ಣ ತಪ್ಪನ್ನು ಎತ್ತಿ ತೋರಿಸುವುದು ಯಾಕೆ ಎಂದು ಅದನ್ನು ನುಂಗಿಕೊಂಡ. ಹೂಂ ಎಂದು ತಲೆಯಾಡಿಸಿದ. ಸ್ವಾಮಿಗಳು ಕತೆ ಮುಂದುವರಿಸಿದರು.

ಮರುವರ್ಷ ಮಗ ಎದೆ ಗಟ್ಟಿಮಾಡಿಕೊಂಡು ನೆಲಮಾಳಿಗೆಗೆ ಇಳಿದ. ಈ ಸಲ ಕೇಳಿಬಿಡಬೇಕು, ‘ಅಪ್ಪ, ಕೊಳವೆ ನನಗಿರಲಿ’ ಎಂದುಬಿಡಬೇಕು ಎಂದು ಮೆಟ್ಟಿಲ ಮೇಲೆಲ್ಲ ಮನಸ್ಸಿನಲ್ಲೇ ಹೇಳಿಕೊಂಡ. ಅಪ್ಪ ಕೊಳವೆಯ ಬಟ್ಟೆ ಬಿಚ್ಚುತ್ತಿದ್ದ. ಗಂಟು ಬಿಚ್ಚುವಾಗ ಅವನ ಬೆರಳುಗಳು ತಡವರಿಸಿದವು. ಅದನ್ನು ನೋಡಿದ ಮಗ, ಮುಂದಿನ ವರ್ಷ ಕೇಳಿದರಾಯಿತು ಎಂದುಕೊಂಡ. ಆ ವರ್ಷವೂ ಪರಿಮಳವಿತ್ತು. ಸ್ವಲ್ಪ ದೂರ ಸರಿದಿತ್ತು, ಅಷ್ಟೇ.

ಅದರ ಮುಂದಿನ ವರ್ಷ ಇನ್ನೂ ದೂರ ಸರಿಯಿತು. ಮಗ ಪೀಪಾಯಿಯನ್ನು ಮಗುವಿನ ಹಾಗೆ ನೋಡಿಕೊಂಡ. ಮರ ಹೀರಿದಷ್ಟನ್ನು ತುಂಬಿದ. ಹಲಗೆಯ ಸಂದುಗಳಿಗೆ ಮೇಣ ಹಚ್ಚಿದ. ಅಮ್ಮನ ಅಂಗೈ ಗುರುತು ಅಳಿಯದ ಹಾಗೆ ಅದನ್ನು ಬಿಟ್ಟು ಸುತ್ತಲೂ ಒರೆಸಿದ. ಒಂದು ಮಾತು ಬಿಟ್ಟು ಉಳಿದ ಸೇವೆಯನ್ನೆಲ್ಲ ಮಾಡಿದ. ಕೊನೆಗೊಂದು ವರ್ಷ ಲೋಟವನ್ನು ಮೂಗಿಗೆ ಹಿಡಿದರೆ ಪರಿಮಳ ಏನೂ ಇರಲಿಲ್ಲ. ನಾಲಿಗೆಯ ಮೇಲೆ ಒಗರು ಮಾತ್ರ ಇತ್ತು. ಅಪ್ಪ ಎಂದಿನಂತೆ, “ಇರಲಿ” ಎಂದ. ಮಗ ಮೇಲೆ ಬಂದು ತೋಟದ ಕೊನೆಯವರೆಗೆ ನಡೆದುಹೋಗಿ, ಯಾರೂ ಇಲ್ಲದ ಕಡೆ ಕೂತು ಅತ್ತ.

ಆಮೇಲೆ ಅಪ್ಪನಿಗೆ ಮೆಟ್ಟಿಲು ಇಳಿಯುವುದು ಆಗದಾಯಿತು. ಆ ಸುಗ್ಗಿಯಲ್ಲಿ ಅವನು ಕೊಳವೆಯನ್ನು ಬಳಿಯಲ್ಲಿಟ್ಟುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತು, ಅಮ್ಮನ ಪೀಪಾಯಿಯಿಂದ ಒಂದು ಲೋಟ ಇಲ್ಲಿಗೇ ತಾ ಎಂದು ಹೇಳಿ ಕಳಿಸಿದ. ಕೊಳವೆಯನ್ನು ತಾನು ಮುಟ್ಟುವಂತಿಲ್ಲವೆಂದು ಮಗ ಪೀಪಾಯಿಯ ಕೆಳಗಿನ ಬಿರಡೆ ಸಡಿಲಿಸಿ ಲೋಟಕ್ಕೆ ಹಿಡಿದು ತಂದ. ಅಪ್ಪ ಅದನ್ನು ಮೂಸಲಿಲ್ಲ. ಕುಡಿಯಲೂ ಇಲ್ಲ. ಮಗನ ಕಡೆ ತಳ್ಳಿದ.

“ಈ ಸಲ ನೀನು ಹೇಳು. ಹೇಗಿದೆ?”

ಅಷ್ಟು ವರ್ಷ ಕಾದಿದ್ದ ಮಾತು ಕೊನೆಗೂ ಬಂದಿತ್ತು. ಮಗ ಲೋಟ ಎತ್ತಿ ಒಂದು ಗುಟುಕು ಕುಡಿದ. ಈಗ ನಿಜ ಹೇಳಿ ಏನು ಪ್ರಯೋಜನ, ಮುದಿ ಜೀವವನ್ನು ನೋಯಿಸುವುದು ಯಾಕೆ ಅನ್ನಿಸಿತು. “ಇನ್ನೂ ಒಗರಿದೆ ಅಪ್ಪ. ಇರಲಿ” ಎಂದ.

ಅಪ್ಪ ಹೇಳಿದ: “ಆ ಜ್ವರ ಬಿಟ್ಟಾಗಿನಿಂದ ನನಗೆ ವಾಸನೆ ತಿಳಿಯುವುದಿಲ್ಲ ಮಗನೇ. ನಿನಗೆ ಅದು ಗೊತ್ತು ಎಂಬುದೂ ನನಗೆ ಗೊತ್ತು. ಬೂಷ್ಟು ಹಿಡಿದ ಪೀಪಾಯಿ ಮಾಯವಾದ ದಿನವೇ ಗೊತ್ತಾಯಿತು. ಇನ್ನೇನು, ನಾಳೆ ಬಂದು ಕೊಳವೆ ಕೇಳುತ್ತಾನೆ ಎಂದುಕೊಂಡೆ. ಪ್ರತಿ ಸುಗ್ಗಿಗೂ ಕಾದೆ. ನಿನ್ನ ಮುಖ ನೋಡಿದರೆ ವೈನ್ ಹೇಗಿದೆ ಎಂದು ತಿಳಿಯಬಹುದು ಎಂದು ನಿನ್ನ ಮುಖವನ್ನೇ ನೋಡುತ್ತಿದ್ದೆ. ನನಗೆ ಉಳಿದಿದ್ದ ಮೂಗು ಅದೊಂದೇ. ನೀನು ಅದನ್ನೂ ಮುಚ್ಚಿಟ್ಟೆ. ಈಗಲಾದರೂ ಹೇಳು. ನಿನ್ನ ಅಮ್ಮನ ವೈನ್ ಯಾವಾಗ ಹದಕ್ಕೆ ಬಂದಿತ್ತು?”

“ದೀಪದ ಹೊಗೆ ಎಂದೆನಲ್ಲ ಅಪ್ಪ, ಆ ವರ್ಷ.”

ಅಪ್ಪ ನಿಧಾನವಾಗಿ ತಲೆಯಾಡಿಸಿದ. ಅವನಿಗೂ ಆ ದಿನ ನೆನಪಿತ್ತು. ಲೋಟವನ್ನು ತನ್ನ ಕಡೆ ಎಳೆದುಕೊಂಡು, “ಹೇಗಿತ್ತು?” ಎಂದ. ಮಗ ಹೇಳಲು ನೋಡಿದ. ಗುಲಾಬಿ ಎಂದ. ಮಣ್ಣು ಎಂದ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದ ಹಾಗೆ ಎಂದ. ಹಳೆಯ ಪರಿಮಳವನ್ನು ಮಾತಿನಲ್ಲಿ ಇನ್ನೊಬ್ಬರಿಗೆ ಕೊಡುವುದು ಯಾರಿಂದಲೂ ಆಗುವ ಕೆಲಸವಲ್ಲ. ಇಬ್ಬರೂ ಆ ಒಗರನ್ನು ಸರದಿಯಲ್ಲಿ ಒಂದೊಂದು ಗುಟುಕು ಕುಡಿದು ಲೋಟ ಖಾಲಿಮಾಡಿದರು. ಅವಳು ಹೇಳಿದ್ದ ಹಾಗೆ ಅಪ್ಪ ಮಗ ಇಬ್ಬರೇ ಅಡುಗೆಮನೆಯಲ್ಲಿ ಕೂತಿದ್ದರು. ಅವಳು ಮಾತ್ರ ಅಲ್ಲಿರಲಿಲ್ಲ.

ಲೋಟ ತೊಳೆದಿಟ್ಟ ಮೇಲೆ ಮಗ ಕೈಚಾಚಿ ಕೊಳವೆ ಕೇಳಿದ. ಅಪ್ಪ ಕೊಟ್ಟ. ಆ ಸಂಜೆ ಊಟಕ್ಕೆ ಕೂತ ಅಪ್ಪ, ಹಿಂದೆ ತನ್ನ ಅಪ್ಪ ಮಾಡಿದ ಹಾಗೆ ಇನ್ನೊಮ್ಮೆ ಬಡಿಸಿಕೊಳ್ಳಲಿಲ್ಲ. ಬಡಿಸಿದ್ದೂ ತಟ್ಟೆಯಲ್ಲೇ ಉಳಿಯಿತು.

ಕತೆ ಮುಗಿಯಿತು. ಬಾವಿಯ ಗಡಗಡೆಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಚನ್ನವೀರನಿಗೆ ಕತೆಯ ಮಗನ ಮೇಲೆ ಮರುಕ ಹುಟ್ಟಿತ್ತು. ಅಪ್ಪನ ಮೇಲೆ ಸ್ವಲ್ಪ ಸಿಟ್ಟೂ ಬಂದಿತ್ತು.

“ಅಪ್ಪ ತಾನೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಬುದ್ಧಿ? ಕಟ್ಟಳೆ ಇದ್ದದ್ದು ಕೊಳವೆ ಕೊಡುವುದಕ್ಕೆ. ತನಗೆ ವಾಸನೆ ತಿಳಿಯುವುದಿಲ್ಲ ಎಂದು ಹೇಳುವುದಕ್ಕೆ ಯಾವ ಕಟ್ಟಳೆ ಅಡ್ಡ ಬಂದಿತ್ತು?”

“ಹೇಳಬಹುದಿತ್ತು” ಎಂದರು ಸ್ವಾಮಿಗಳು. “ಅವನದೂ ತಪ್ಪೇ. ಆದರೆ ಹೇಳಿದ ಮರುದಿನ ತಾನು ಯಾರು ಎಂಬ ಭಯ ಅವನಿಗಿತ್ತು. ಇದ್ದದ್ದು ಒಂದೊಂದೇ ಕೈಬಿಟ್ಟು ಹೋಗುವಾಗ ಆಗುವ ಭಯ ಅದು. ನಿನ್ನ ವಯಸ್ಸಿಗೆ ತಿಳಿಯುವುದಿಲ್ಲ. ಹಾಗೆ ಹೆದರಿದವನಿಗೆ ಬಾಯಿ ಬರುವುದಿಲ್ಲಪ್ಪ. ಎದುರಿಗೆ ಕೂತವರ ಮುಖ ನೋಡುವುದಷ್ಟೇ ಅವನಿಂದ ಆಗುತ್ತದೆ.”

ಇದನ್ನು ಹೇಳುವಾಗ ಸ್ವಾಮಿಗಳು ಚನ್ನವೀರನ ಮುಖವನ್ನೇ ನೋಡುತ್ತಿದ್ದರು. ಬೆಳಗಿನ ಪಾಠದಲ್ಲೂ, ಆ ನಗೆಯ ಮಾತು ಹೇಳಿ ಮುಗಿಸಿದ ಮೇಲೆ ಅವರು ಹೀಗೆಯೇ ಒಬ್ಬೊಬ್ಬರ ಮುಖ ನೋಡಿದ್ದರು. ಅದು ಅವನಿಗೆ ಈಗ ನೆನಪಾಯಿತು. ಅವನು ಕಣ್ಣು ಕೆಳಗೆ ಮಾಡಿದ.

ಸ್ವಾಮಿಗಳು ಕಟ್ಟೆಯಿಂದ ಇಳಿಯಲು ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಹಗುರಾಗಿತ್ತು.

“ಚನ್ನವೀರ, ಆ ಮುದುಕನಿಗೆ ಜ್ವರ ಬಂದದ್ದು ಚಳಿಗಾಲದಲ್ಲಿ ಅಂದೆನೋ, ಬೇಸಿಗೆಯಲ್ಲಿ ಅಂದೆನೋ?”

ಚನ್ನವೀರ ತಲೆ ಎತ್ತಿ ಅವರ ಮುಖ ನೋಡಿದ.